ಸೊಂಟದ ಚಾಪೆ

ಮೇ 5, ಭಾನುವಾರ

ಭಾನುವಾರ ನಮ್ಮ ದ್ವೀಪದಲ್ಲಿ ಯಾರೂ ಕೆಲಸ ಮಾಡುವಂತಿಲ್ಲ. ದಿನಚರಿ ಬರೆಯುವುದು ಕೆಲಸವೋ ಅಲ್ಲವೋ ಎಂದು ಪಾದ್ರಿ ಇಸಿಲೇಲಿಯವರನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಇವತ್ತು ಮಕ್ಕಳ ಭಾನುವಾರ. ಬಿಳಿ ಬಟ್ಟೆ ತೊಟ್ಟ ಮಕ್ಕಳು ಒಬ್ಬೊಬ್ಬರಾಗಿ ಎದ್ದು ವಾಕ್ಯ ಒಪ್ಪಿಸಿದರು. ನಾನು ಹೆಡ್‌ಮಾಸ್ಟರ್ ಆಗಿದ್ದಾಗ ಇದೇ ಮಕ್ಕಳ ಅಪ್ಪಂದಿರು ಒಪ್ಪಿಸಿದರೆ ಚರ್ಚಿನ ಹೊರಗಿದ್ದ ಹಂದಿಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಇವತ್ತಿನ ಮಕ್ಕಳು ಪಿಸುಗುಡುತ್ತಾರೆ. ನನ್ನ ಹೆಂಡತಿ ಲವೀನಿಯಾ ಮಾತ್ರ ಉದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಎಷ್ಟು ಚೆನ್ನಾಗಿ ಹೇಳಿದ್ವಲ್ರೀ ಮಕ್ಕಳು!” ಎಂದಳು ದಾರಿಯಲ್ಲಿ.

“ಏನು ಹೇಳಿದ್ವು ಅಂತ ನಿಂಗಾದ್ರೂ ಗೊತ್ತಾಯ್ತಾ?”

ನನ್ನ ಮುಖವನ್ನೊಮ್ಮೆ ನೋಡಿ ಮುಂದೆ ನಡೆದಳು. ಅವಳಿಗೂ ಕೇಳಿಸಿರಲಾರದು, ಪಾಪ.

ಆರಾಧನೆ ಮುಗಿದ ಮೇಲೆ ಪಾದ್ರಿ ದಿನ ಹೇಳಿದರು. ಚರ್ಚಿನ ಹೊಸ ಮಾಡಿನ ಪ್ರತಿಷ್ಠೆ ಆಗಸ್ಟ್ ನಾಲ್ಕಕ್ಕೆ. ಅವತ್ತು ನಮ್ಮ ಚರ್ಚಿನ ಹಾಡುಗಾರರ ಮೇಳ ಅಪ್ಪನ ಹಾಡು ಹಾಡಬೇಕು. ಐವತ್ತೆಂಟು ವರ್ಷದ ಹಿಂದೆ ಈ ಚರ್ಚು ಕಟ್ಟಿದಾಗ ಅಪ್ಪ ರಚಿಸಿದ ಹಾಡು ಅದು. ನಡುವೆ ಒಂದು ಕಡೆ ಮೇಳವೆಲ್ಲ ತಗ್ಗಿ, ಒಬ್ಬ ಹೆಂಗಸಿನ ದನಿ ಒಂಟಿಯಾಗಿ ಮೇಲೇರಬೇಕು. ಅವತ್ತು ಹಾಡಿದವಳು ನಮ್ಮಮ್ಮ. ನನಗೆ ಎಂಟು ವರ್ಷ, ಅಕ್ಕ ಎಲೆನೋವಾಗೆ ಹನ್ನೊಂದು. ಅಮ್ಮನ ದನಿ ಮೇಲೇರಿದಾಗ ಅಕ್ಕ ಕತ್ತೆತ್ತಿ ಮಾಡು ನೋಡಿದ್ದು ನನಗೆ ನೆನಪಿದೆ. ಮಾಡು ಹಾರಿಹೋಗುತ್ತದೆಂದು ನಾವಿಬ್ಬರೂ ಹೆದರಿದ್ದೆವು.

“ಬೇಕಿದ್ರೆ ಮೈಕ್ ತರಿಸೋಣ ಫಿನಿಯಾಸಿ ಮೇಷ್ಟ್ರೇ” ಎಂದರು ಪಾದ್ರಿ. ಅಪ್ಪನ ಹಾಡನ್ನು ಡಬ್ಬದೊಳಗೆ ಹಾಯಿಸಿ ಕೇಳಿಸಲು ನಾನೇನು ಸತ್ತಿದ್ದೇನೆಯೇ? ತುಂಬುದನಿಯವಳೊಬ್ಬಳನ್ನು ಮೂರು ತಿಂಗಳಲ್ಲಿ ಹುಡುಕಿ ತರುತ್ತೇನೆ ಎಂದು ಎಲ್ಲರೆದುರು ಹೇಳಿಬಿಟ್ಟೆ. ಅಲ್ಲಿಯವರೆಗೆ ಕೋಲು ಕೆಳಗಿಡುವುದಿಲ್ಲ ಎಂದೂ ಹೇಳಿದೆ. ಮೇಳ ನಡೆಸಲು ಅಪ್ಪ ಹಿಡಿಯುತ್ತಿದ್ದ ಗಾಳಿಮರದ ಕೋಲು, ಮೂವತ್ತೊಂದು ವರ್ಷದಿಂದ ನನ್ನ ಕೈಯಲ್ಲಿದೆ. ನನಗೆ ಅರವತ್ತಾರು. ಮೊಣಕಾಲು ನೋಯುತ್ತದೆ.

ಮೇ 14, ಮಂಗಳವಾರ

ಅಭ್ಯಾಸಕ್ಕೆ ಕರೆಯುವ ಮರದ ಡೋಲು ಬಾರಿಸುವವನಿಗೆ ಮೈಗಳ್ಳತನ ಹತ್ತಿದೆ. ಬಾರಿಸಲೇ ಇಲ್ಲ. ನಾನು ಹೋಗುವಷ್ಟರಲ್ಲಿ ನಲವತ್ತೂ ಜನ ಬಂದು ಕೂತಿದ್ದರು. ಡೋಲಿಲ್ಲದೆ ಅವರಿಗೆ ಹೇಗೆ ಗೊತ್ತಾಯಿತೋ.

ಹಲಗೆಯ ಮೇಲೆ ಅಂಕಿ ಬರೆದೆ. ನಮ್ಮ ಸ್ವರಗಳಿಗೆ ಮೂರರಿಂದ ಒಂಬತ್ತರವರೆಗೆ ಅಂಕಿ, ಅಪ್ಪ ಕಲಿಸಿದ್ದು ಹಾಗೆ. ಗಂಡಸರ ಕೆಳಗಿನ ಸಾಲು ಪರವಾಗಿಲ್ಲ. ಕಿಟಿಯೋನಿ ಒಬ್ಬನೇ ಇಬ್ಬರಷ್ಟು ದಪ್ಪ, ದನಿಯೂ ಹಾಗೇ ಇದೆ. ಹೆಂಗಸರ ಮೇಲಿನ ಸಾಲು ಮಾತ್ರ ನೀರಿನೊಳಗಿನ ಮೀನಿನ ಹಾಗೆ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ.

“ಜೋರಾಗಿ!” ಎಂದೆ. ಇನ್ನೂ ಜೋರಾಗಿ ಎಂದೆ. ಕತ್ತಿನ ನರ ಉಬ್ಬಿದವು, ಮುಖ ಕೆಂಪಾದವು, ದನಿ ಬರಲಿಲ್ಲ.

ಚರ್ಚಿಗೆ, ಹಿರಿಯರೆದುರಿಗೆ ಬರುವಾಗ ನಾವು ಉಡುಪಿನ ಮೇಲೆ ಸೊಂಟಕ್ಕೊಂದು ಹೆಣೆದ ಚಾಪೆ ಸುತ್ತಿ ಹಗ್ಗ ಕಟ್ಟುತ್ತೇವೆ. ಅಪ್ಪ ಹೇಳುತ್ತಿದ್ದ: ದನಿಯನ್ನು ಗಂಟಲಲ್ಲಿ ಹುಡುಕಬೇಡ, ಸೊಂಟಕ್ಕೆ ಸುತ್ತಿದ ಚಾಪೆ ನೋಡು. ತುಂಬುದನಿಯವರು ಉಸಿರೆಳೆದರೆ ಚಾಪೆ ಹಿಗ್ಗಬೇಕು, ಅದರ ಮೇಲೆ ಕಟ್ಟಿದ ಹಗ್ಗ ಬಿಗಿಯಬೇಕು. ಇವರ ಚಾಪೆಗಳು ಗೋಡೆಗೆ ತಗುಲಿಹಾಕಿದ ಹಾಗಿವೆ.

ಮೇ 25, ಶನಿವಾರ

ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿದ್ದೆ. ಬೈಬಲ್ ಶಾಲೆಯ ಹದಿನೇಳು ಹುಡುಗಿಯರ ಹಾಡು ಕೇಳಿದೆ. ಹದಿನೇಳೂ ಸೊಳ್ಳೆಗಳೇ. ಬಂದರಿನ ಪಕ್ಕದ ಹೋಟೆಲಿನಲ್ಲಿ ಒಬ್ಬಳು ಮೈಕು ತುಟಿಗೊತ್ತಿಕೊಂಡು ಹಾಡುತ್ತಿದ್ದಳು. ಚೆನ್ನಾಗಿದೆ ಅನ್ನಿಸಿತು. ಹತ್ತಿರ ಹೋಗಿ, “ಆ ಸಾಮಾನು ಕೆಳಗಿಟ್ಟು ಹಾಡಮ್ಮ” ಎಂದೆ. ಇಟ್ಟಳು, ಹಾಡಿದಳು. ಅಷ್ಟಕ್ಕೇ ಸದ್ದಡಗಿತು.

ಈ ಕಾಲದವರಿಗೆ ದನಿಯೇ ಇಲ್ಲ. ದಿನವಿಡೀ ಫೋನಿಗೆ ಬಾಯಿಟ್ಟು ಗುನುಗಿ ಗುನುಗಿ, ದನಿಯೆಂಬುದು ತುಟಿಯಿಂದ ಗೇಣು ದೂರ ದಾಟುವುದನ್ನು ಮರೆತುಬಿಟ್ಟಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿ ಊರು ದಾಟಿ ಮುಂದೆ ಹೋಗಿದ್ದೆ. ಡ್ರೈವರ್ ಎಷ್ಟೋ ಸಲ ಕೂಗಿದನಂತೆ. ಸುಳ್ಳ.

ಜೂನ್ 8, ಶನಿವಾರ

ಪಾಸೆಕಾ ಬಂದಿದ್ದಳು, ಅಕ್ಕನ ಮಗಳು. ಆಸ್ಪತ್ರೆಯಲ್ಲಿ ನರ್ಸು.

ಅಕ್ಕ ಮೂರು ಮನೆ ಆಚೆ ಇದ್ದಾಳೆ. ಆದರೆ ದೊಡ್ಡವರಾದ ಮೇಲೆ ಅಣ್ಣತಂಗಿ, ಅಕ್ಕತಮ್ಮ ಒಂದೇ ಕೋಣೆಯಲ್ಲಿ ಕೂರುವುದು ನಮ್ಮಲ್ಲಿಲ್ಲ. ಐವತ್ತು ವರ್ಷದಿಂದ ಅವಳು ನನ್ನ ಮನೆಯ ಹೊಸ್ತಿಲು ತುಳಿದಿಲ್ಲ, ನಾನು ಅವಳದನ್ನು. ಅವಳ ಬದಲಿಗೆ ಮಗಳು ಬರುತ್ತಾಳೆ, ಬಂದಾಗಲೆಲ್ಲ ಏನಾದರೂ ಎತ್ತಿಕೊಂಡು ಹೋಗುತ್ತಾಳೆ. ಸೋದರಮಾವನ ಮನೆಯಲ್ಲಿ ಅಕ್ಕತಂಗಿಯರ ಮಕ್ಕಳು ಏನು ಬೇಕಾದರೂ ಕೇಳದೆ ತೆಗೆದುಕೊಳ್ಳಬಹುದು, ಮಾವ ಕಮಕ್ ಕಿಮಕ್ ಅನ್ನುವಂತಿಲ್ಲ. ಆರು ವರ್ಷದವಳಿದ್ದಾಗ ನನ್ನ ಒಳ್ಳೆಯ ಟೋಪಿ ಒಯ್ದು ನಾಯಿಮರಿಗೆ ಹಾಸಿಗೆ ಮಾಡಿದ್ದಳು. ಆಮೇಲೆ ಸೈಕಲ್ಲು ಹೋಯಿತು. ಅದಾದ ಮೇಲೆ ಒಂದು ಹಂದಿ.

“ಮಾವ, ಅಜ್ಜಿ ಹಾಡಿದ್ದನ್ನ ನಾನು ಹಾಡ್ಲಾ?” ಎಂದಳು.

ಹಾಡು ಎಂದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಉಸಿರೆಳೆದಳು. ಸೊಂಟದ ಚಾಪೆಯೇನೋ ಚೆನ್ನಾಗಿ ಹಿಗ್ಗಿತು, ಹಗ್ಗ ಕಿರುಗುಟ್ಟುವಷ್ಟು ಬಿಗಿಯಿತು. ದನಿ ಮಾತ್ರ ಬರಲಿಲ್ಲ. ಮೊದಲೆರಡು ಸ್ವರ ಬಂತು, ಮೇಲೇರುವಲ್ಲಿ ಬರೀ ಗಾಳಿ. ಅಪ್ಪನ ಲೆಕ್ಕ ತಪ್ಪಿದ್ದು ಇದೇ ಮೊದಲು.

“ಹಲ್ಲಿನಿಂದ ಈಚೆ ಬರ್ತಾ ಇಲ್ಲ ಕಣಮ್ಮ” ಎಂದೆ.

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು, ಜ್ವರ ಬಂದವರನ್ನು ನೋಡುವ ಹಾಗೆ. ಲವೀನಿಯಾ ಅಡುಗೆಮನೆಯಿಂದ ಓಡಿ ಬಂದು, “ಅಯ್ಯೋ ನನ್ನ ಬಂಗಾರ, ಅತ್ತೆ ಹಾಡಿದ ಹಾಗೇ ಇತ್ತು” ಎಂದು ಅವಳನ್ನು ತಬ್ಬಿಕೊಂಡಳು. ಹೆಂಗಸರಿಗೆ ಕರುಣೆ ಜಾಸ್ತಿ. ಕರುಣೆಯಿಂದ ಮೇಳ ನಡೆಯುವುದಿಲ್ಲ.

ಹೋಗುವಾಗ ನನ್ನ ಕೊಡೆ ಎತ್ತಿಕೊಂಡು ಹೋದಳು.

ಜೂನ್ 20, ಗುರುವಾರ

ಪ್ರತಿಷ್ಠೆಗೆ ಚರ್ಚಿನ ನೆಲಕ್ಕೆ ಹಾಸಲು ತೊಗಟೆ ಬಟ್ಟೆ ಬೇಕು. ಹಿಂದೆಲ್ಲ ಹೆಂಗಸರು ಕೊಡತಿ ಹಿಡಿದು ತೊಗಟೆ ಬಡಿಯಲು ಕೂತರೆ ಬೆಳಗಿನಿಂದ ಸಂಜೆವರೆಗೆ ಊರೆಲ್ಲ ಟಕ್ ಟಕ್ ಎನ್ನುತ್ತಿತ್ತು. ಈ ವರ್ಷ ಒಂದು ಸದ್ದಿಲ್ಲ. ಲವೀನಿಯಾ ಮಾತ್ರ ಬಡಿಯದೆಯೇ ತೋಳು ನೋವು ಎಂದು ಎಣ್ಣೆ ಹಚ್ಚಿಕೊಳ್ಳುತ್ತಾಳೆ. ಇವತ್ತು ಸಭಾಂಗಣಕ್ಕೆ ಹೋಗಿ ನೋಡಿದರೆ ಐವತ್ತು ಅಡಿ ಬಟ್ಟೆ ಸಿದ್ಧವಾಗಿ ಮಡಿಸಿಟ್ಟಿದೆ!

“ಇದನ್ನ ಯಾವಾಗ ಬಡಿದ್ರಿ?”

“ಒಂದು ತಿಂಗಳಿಂದ ನಿಮ್ಮ ಕಿಟಕಿ ಕೆಳಗೇ ಬಡೀತಿದ್ದೀವಲ್ರೀ” ಎಂದಳು ಅಲ್ಲೇ ಇದ್ದ ಲವೀನಿಯಾ.

ಅಲ್ಲಿದ್ದ ಹೆಂಗಸರು ಯಾರೂ ನಗಲಿಲ್ಲ. ತಮಾಷೆ ಮಾಡುವುದೂ ಮರೆತಿದ್ದಾರೆ ಈ ಊರಲ್ಲಿ.

ಜೂನ್ 29, ಶನಿವಾರ

ಸಿಕ್ಕಿತು!

ದಕ್ಕೆಯ ಮೇಲೆ ನಿಂತಿದ್ದೆ. ಮೀನು ಮಾರುವ ಸೇಲಾ ತನ್ನ ಗಂಡನ ದೋಣಿಯನ್ನು ಕರೆಯುತ್ತಿದ್ದಳು. ಅಬ್ಬಾ, ಅದು ದನಿ! ಗಂಡಸಿನ ದನಿಯಷ್ಟು ದಪ್ಪ, ಎದೆಗೆ ಬಂದು ಗುದ್ದಿತು. ಎರಡು ತಿಂಗಳಲ್ಲಿ ನನಗೆ ಪೂರ್ತಿಯಾಗಿ ತಲುಪಿದ ಮೊದಲ ಹೆಣ್ಣುದನಿ.

“ಸೇಲಾ, ಮೇಳಕ್ಕೆ ಬಾ. ಅಮ್ಮನ ಭಾಗ ನೀನು ಹಾಡ್ಬೇಕು.”

“ನಾನಾ? ಮೇಷ್ಟ್ರೇ, ನಾನು ಹಾಡೋದಲ್ಲ, ಅರಚೋದು. ಮಲಗಿರೋ ಮಗು ಹತ್ರ ಮಾತಾಡ್ಬೇಡ ಅಂತಾನೆ ನನ್ನ ಗಂಡ.”

“ಅದೇ ಬೇಕಾಗಿರೋದು.”

ಅವಳು ನನಗೆ ಎದುರಾಡಲಾರಳು. ಅವಳಿಗೆ ಅಕ್ಷರ ಕಲಿಸಿದ್ದು ನಾನು.

ಜುಲೈ 9, ಮಂಗಳವಾರ

ಸುಸ್ತು. ಹೊಸ ಮಾಡಿನ ಕೆಳಗೆ ಮೊದಲ ಸಲ ಅಭ್ಯಾಸ. ನಡುವೆ ಮಳೆ ಬಂತು. ತಗಡು ಬಹಳ ಒಳ್ಳೆಯದು ತಂದಿದ್ದಾರೆ, ಮಳೆಯ ಸದ್ದೇ ಇಲ್ಲ. ಆದರೆ ಎಲ್ಲರೂ ಹಾಡು ನಿಲ್ಲಿಸಿ ಮೇಲೆ ನೋಡುತ್ತ ಕೂತುಬಿಟ್ಟರು.

“ಯಾಕೆ ನಿಲ್ಲಿಸಿದ್ರಿ?”

“ಮಳೆ ನಿಲ್ಲಲಿ ಮೇಷ್ಟ್ರೇ” ಎಂದು ಕಿಟಿಯೋನಿ ನನ್ನ ಹತ್ತಿರ ಬಂದು ಹೇಳಿದ.

“ಮಳೆಗೂ ಹಾಡಿಗೂ ಏನು ಸಂಬಂಧ? ಹಾಡಿ!”

ಹಾಡಿದರು. ಕಿಟಿಯೋನಿ ಏನೋ ಹೇಳಲು ಬಾಯಿ ತೆರೆದ, ನೆಲ ನೋಡಿದ, ತನ್ನ ಸಾಲಿಗೆ ಹೋಗಿ ನಿಂತ. ಕುಸ್ತಿಗೆ ನಿಂತವನಂತಿದ್ದಾನೆ, ನನ್ನೆದುರು ಮಾತ್ರ ಎರಡನೇ ಕ್ಲಾಸಿನ ಹುಡುಗನೇ.

ಮೇಲಿನ ಸಾಲಿನಲ್ಲಿ ನಾಲ್ವರು ಬಂದಿಲ್ಲ. ಗಂಟಲು ಕಟ್ಟಿದೆಯಂತೆ. ಬಳಸದ ಗಂಟಲು ಕಟ್ಟದೆ ಏನು ಮಾಡೀತು.

ಜುಲೈ 17, ಬುಧವಾರ

ಸೇಲಾ ಒಂದು ದೊಡ್ಡ ಮೀನು ಹಿಡಿದುಕೊಂಡು ಮನೆಗೆ ಬಂದಳು. ಮೀನು ಲವೀನಿಯಾ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತಳು.

“ನನ್ನ ಬಿಟ್ಬಿಡಿ ಮೇಷ್ಟ್ರೇ. ಅದು ನನ್ನ ಕೈಲಾಗಲ್ಲ. ನಿಮ್ಮಪ್ಪನ ಹಾಡು ಹಾಳಾಗುತ್ತೆ.”

“ನೀನು ಹಾಡಿದ್ರೆ ನನಗೆ ಪ್ರತಿ ಮಾತೂ ಕೇಳಿಸುತ್ತೆ.”

“ನಿಮಗೆ ಕೇಳಿಸುತ್ತೆ” ಎಂದಳು. ಅಷ್ಟು ಹೇಳಿ ಅತ್ತುಬಿಟ್ಟಳು. ಅಷ್ಟೊಂದು ವಿನಯ ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿ ಕಳಿಸಿದೆ. ಲವೀನಿಯಾ ಅವಳನ್ನು ಬೇಲಿಯವರೆಗೆ ಬಿಟ್ಟು ಬರುತ್ತೇನೆಂದು ಹೋದವಳು ಗಂಟೆಯಾದರೂ ಬರಲಿಲ್ಲ. ಅಕ್ಕನ ಮನೆಯ ಕಡೆಯಿಂದ ಬಂದಳು.

ಕಾಯಿಹಾಲು ಬೆರೆಸಿದ ಹಸಿಮೀನು ಊಟಕ್ಕೆ. ರುಚಿಯೂ ಮೊದಲಿನ ಹಾಗಿಲ್ಲ. ಯಾವುದೂ ಮೊದಲಿನ ಹಾಗಿಲ್ಲ.

ಜುಲೈ 23, ಮಂಗಳವಾರ

ಬರೆಯಬಾರದು ಅಂದುಕೊಂಡಿದ್ದೆ.

ಮಧ್ಯಾಹ್ನ ಜಗಲಿಯಲ್ಲಿ ಸಮುದ್ರದ ಕಡೆ ಮುಖ ಮಾಡಿ ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಎರಡು ಕಾಯಿ ಮುಗಿಸಿ, ಬಟ್ಟಲು ತರಲು ಲವೀನಿಯಾಳನ್ನು ಕರೆಯಲೆಂದು ತಿರುಗಿದರೆ ಪಾಸೆಕಾ ನಿಂತಿದ್ದಾಳೆ. ನನ್ನಿಂದ ಎರಡು ಮಾರು ದೂರ, ಆಸ್ಪತ್ರೆಯ ಬಟ್ಟೆಯಲ್ಲೇ. ಏದುಸಿರು ಬಿಡುತ್ತಿದ್ದಳು. ಬಾಗಿಲಲ್ಲಿ ಲವೀನಿಯಾ ಟವೆಲನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಬೇಲಿಯಾಚೆ ಪಕ್ಕದ ಮನೆಯವರು ಕೈಲಿದ್ದ ಕೆಲಸ ಬಿಟ್ಟು ನಿಂತಿದ್ದರು.

“ಯಾವಾಗ ಬಂದೆ?”

ಅವಳು ಹತ್ತಿರ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತಳು. ನಿಧಾನವಾಗಿ, ದಪ್ಪ ದನಿಯಲ್ಲಿ ಮಾತಾಡಿದಳು.

“ಆಗ್ಲೇ ಬಂದೆ ಮಾವ. ಅಜ್ಜನ ಹಾಡು ಹಾಡಿದೆ, ಪೂರ್ತಿ.”

“ಯಾವಾಗ?”

“ನೀನು ಎರಡನೇ ಕಾಯಿ ತುರೀತಿದ್ದಾಗ. ನಿನ್ನ ಬೆನ್ನ ಹಿಂದೇನೇ ನಿಂತು.”

ತುರಿಯುವ ಸದ್ದಿನಲ್ಲಿ ಗೊತ್ತಾಗಲಿಲ್ಲ ಎಂದೆ.

“ಆಚೆ ಮನೆಯೋರಿಗೆ ಗೊತ್ತಾಯ್ತು. ಮಾವ, ನಿಂಗೆ ಕಿವಿ ಕೇಳಿಸ್ತಿಲ್ಲ. ತಗ್ಗಿನ ದನಿ ಕೇಳುತ್ತೆ, ಮೇಲಿನದು ಒಂದೂ ಕೇಳಲ್ಲ. ಊರಿಗೆಲ್ಲ ಗೊತ್ತು. ನಿನ್ನ ಮುಖ ನೋಡಿ ಹೇಳೋ ಧೈರ್ಯ ಯಾರಿಗೂ ಇಲ್ಲ. ಜೋರಾಗಿ ಅಂತೀಯ, ಕಿರುಚ್ತಾರೆ. ಮೇಲಿನ ಸಾಲಿನೋರಿಗೆ ಗಂಟಲಿಗೆ ಔಷಧಿ ಕೊಟ್ಟು ಕೊಟ್ಟು ನಂಗೇ ಸಾಕಾಗಿದೆ.”

“ನಿನಗೆ ಮಾತ್ರ ಧೈರ್ಯ ಬಂತು.”

“ಧೈರ್ಯ ಅಲ್ಲ, ಹಕ್ಕು. ಅಮ್ಮ ಕಳಿಸಿದ್ದು.” ಅಂಗೈ ಚಾಚಿದಳು. “ಅಜ್ಜನ ಕೋಲು ಕೊಡು ಮಾವ.”

ಟೋಪಿ, ಸೈಕಲ್ಲು, ಹಂದಿ, ಕೊಡೆ. ಒಂದಕ್ಕೂ ಇಲ್ಲ ಅಂದವನಲ್ಲ ನಾನು, ಅನ್ನುವಂತೆಯೂ ಇರಲಿಲ್ಲ. ಗೋಡೆಯ ಮೇಲಿಂದ ಕೋಲು ತೆಗೆದು ಕೊಟ್ಟೆ. ಅವಳೂ ಅಳುತ್ತಿದ್ದಳು. ಅಳುವವಳು ತೆಗೆದುಕೊಳ್ಳುವುದೇಕೆ?

ಅಕ್ಟೋಬರಿನಲ್ಲಿ ನ್ಯೂಜಿಲೆಂಡಿನಿಂದ ಕಿವಿ ಡಾಕ್ಟರು ಬರುತ್ತಾರಂತೆ, ಹೆಸರು ಬರೆಸುತ್ತಾಳಂತೆ. ಬೇಕಾದವರು ಬರೆಸಲಿ.

ಜುಲೈ 24, ಬುಧವಾರ

ಗೋಡೆಯ ಮೇಲೆ ಕೋಲಿನ ಗುರುತು ಮಾತ್ರ ಬಿಳಿಯಾಗಿ ಇದೆ.

ಜುಲೈ 26, ಶುಕ್ರವಾರ

ಅಕ್ಕನ ಮೇಲೆ ಸಿಟ್ಟು ಬಂದಿದೆ. ಹೋಗಿ ಬೈಯುವಂತಿಲ್ಲ, ಅದೊಂದು ಕರ್ಮ. ಅವಳಾದರೂ ಬಂದು ಹೇಳುವಂತಿರಲಿಲ್ಲ. ಮೂರು ಮನೆ ಆಚೆ ಕೂತು ಮೂರು ತಿಂಗಳು ಅಪ್ಪನ ಹಾಡಿನ ಮೇಲೆ ಕಿರುಚಾಟ ಕೇಳಿದಳಂತೆ. ಲವೀನಿಯಾ ಹೇಳಿದಳು, ಎದುರಿಗೆ ಕೂತು, ಬಾಯಗಲಿಸಿ. ಎಲ್ಲರೂ ಈಗ ಹೀಗೆ ಮಾತಾಡುತ್ತಾರೆ, ನಾನೊಬ್ಬ ಪರದೇಶಿ ಅನ್ನುವ ಹಾಗೆ.

ಬೆಳಿಗ್ಗೆ ಕೋಳಿ ಗೂಡಿನ ಮುಂದೆ ನಿಂತು ಹುಂಜವನ್ನೇ ನೋಡಿದೆ. ಕತ್ತು ಚಾಚಿತು, ಕೊಕ್ಕು ತೆರೆಯಿತು. ಅಷ್ಟೇ.

ಜುಲೈ 30, ಮಂಗಳವಾರ

ಸಂಜೆ ಕಿಟಿಯೋನಿ ಬಂದ. ಜಗಲಿಯಲ್ಲಿ ಕೂತು, ಬೇರು ಕುಟ್ಟಿ ನೀರಿಗೆ ಹಿಂಡಿದ ಕಾವಾ ಕುಡಿದೆವು. ಮೂರು ಬಟ್ಟಲು ಖಾಲಿಯಾದವು.

“ಕೆಳಗಿನ ಸಾಲಿಗೆ ಜನ ಕಮ್ಮಿ ಬಿದ್ದಿದ್ದಾರೆ ಮೇಷ್ಟ್ರೇ” ಎಂದ ಕೊನೆಗೆ. “ಪಾಸೆಕಾ ಕೇಳಿದ್ಲು, ಯಾರಾದ್ರೂ ಇದ್ದಾರಾ ಅಂತ.”

“ಯಾರಿದ್ದಾರೆ?”

“ನಿಮ್ಮಪ್ಪ ಇದ್ದಾಗ ನೀವು ಅಲ್ಲೇ ನಿಂತು ಹಾಡ್ತಿದ್ರಂತಲ್ಲ. ನಮ್ಮಪ್ಪ ಹೇಳೋನು, ಫಿನಿಯಾಸಿ ಬಾಯಿ ತೆಗೆದ್ರೆ ಪಕ್ಕದೋರಿಗೆ ಹಾಡೋ ಕೆಲಸವೇ ಇರ್ಲಿಲ್ಲ ಅಂತ.”

“ನಿಮ್ಮಪ್ಪ ಸೋಮಾರಿ. ಯಾವತ್ತೂ ಹಾಡ್ತಿರಲಿಲ್ಲ” ಎಂದೆ.

ಇಬ್ಬರೂ ನಕ್ಕೆವು. ಮೂವತ್ತೊಂದು ವರ್ಷದಿಂದ ನಾನು ಹಾಡಿಲ್ಲ. ಕೋಲು ಹಿಡಿದವನು ಹಾಡುವುದಿಲ್ಲ.

ಆಗಸ್ಟ್ 2, ಶುಕ್ರವಾರ

ಹೋದೆ. ಅಭ್ಯಾಸಕ್ಕೆ ನಿಂತಿದ್ದ ಕೆಳಗಿನ ಸಾಲಿನವರು ಕೊಂಚ ಸರಿದು ಜಾಗ ಬಿಟ್ಟರು. ಸೇಲಾ ಇಲ್ಲ. ಮೀನು ಮಾರಲು ಹೋಗಿದ್ದಾಳೆ, ಹರಕೆ ತೀರಿದವಳ ಹಾಗೆ ಇದ್ದಾಳಂತೆ. ಗಂಟಲು ಕಟ್ಟಿದ್ದ ನಾಲ್ವರೂ ಬಂದಿದ್ದರು.

ಕಿಟಿಯೋನಿಯ ಭುಜ ನನ್ನ ಭುಜಕ್ಕೆ ತಾಗಿತ್ತು. ಅವನು ಹಾಡಿದಾಗ ನನ್ನ ಮೂಳೆಗೆ ಗೊತ್ತಾಗುತ್ತಿತ್ತು, ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು. ಅಂಕಿಗಳು ನೆನಪಿವೆ. ಪಾಸೆಕಾ ಕೋಲು ತೀರಾ ಮೇಲೆ ಹಿಡಿಯುತ್ತಾಳೆ. ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ.

ಮನೆಗೆ ಬಂದ ಮೇಲೆ ಹಸಿವಾಗಿತ್ತು. ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಕಟ್ಟು ಎರಡು ತಿಂದೆ.

ಆಗಸ್ಟ್ 5, ಸೋಮವಾರ

ನಿನ್ನೆ ಬರೆಯಲಿಲ್ಲ. ಭಾನುವಾರ ಬರೆಯುವುದು ಕೆಲಸವೇ ಇರಬೇಕು.

ಚರ್ಚು ತುಂಬಿತ್ತು. ಕಿಟಕಿಗಳ ಹೊರಗೂ ಜನ. ಮುಂದಿನ ಬೆಂಚಿನಲ್ಲಿ ಅಕ್ಕ, ಅಮ್ಮನ ಹಳೆಯ ಚಾಪೆ ಸೊಂಟಕ್ಕೆ ಸುತ್ತಿಕೊಂಡು ಕೂತಿದ್ದಳು. ದೇವರ ಮನೆಯಲ್ಲಿ ಮಾತ್ರ ನಾವಿಬ್ಬರೂ ಒಂದೇ ಮಾಡಿನ ಕೆಳಗೆ.

ಅಪ್ಪನ ಹಾಡಿನ ನಡುವೆ ಮೇಳವೆಲ್ಲ ತಗ್ಗಿದಾಗ ಪಾಸೆಕಾ ಕೋಲು ಇಳಿಸಿ ಜನರ ಕಡೆ ತಿರುಗಿ ನಿಂತಳು. ಅಲ್ಲಿ ಕೋಲು ಬೇಕಿಲ್ಲ, ಅಪ್ಪ ಹಾಗೇ ಬರೆದಿದ್ದಾನೆ. ನಾವು ಗಂಡಸರು ಕೆಳಗೆ ಗುನುಗುತ್ತ ಇದ್ದೆವು. ಅವಳ ಬೆನ್ನು ನನ್ನ ಕಡೆಗಿತ್ತು. ಸೊಂಟದ ಚಾಪೆ ಹಿಗ್ಗಿತು, ಹಗ್ಗ ಬಿಗಿಯಿತು. ಎಷ್ಟೋ ಹೊತ್ತು ಹಿಗ್ಗಿಯೇ ಇತ್ತು. ಅಪ್ಪನ ಲೆಕ್ಕ ತಪ್ಪಿರಲಿಲ್ಲ. ನನಗೆ ಏನೂ ಕೇಳಿಸಲಿಲ್ಲ.

ಬರೆದುಬಿಟ್ಟೆ. ಇರಲಿ.

ಅಕ್ಕ ಮೆಲ್ಲಗೆ ಕತ್ತೆತ್ತಿ ಹೊಸ ಮಾಡನ್ನು ನೋಡಿದಳು, ಹನ್ನೊಂದು ವರ್ಷದವಳು ನೋಡಿದ ಹಾಗೆಯೇ. ಆಮೇಲೆ ಕಣ್ಣು ಇಳಿಸಿ ನೇರವಾಗಿ ನನ್ನನ್ನು ನೋಡಿದಳು. ಐವತ್ತು ವರ್ಷದಲ್ಲಿ ಮೊದಲ ಸಲ. ನಾನೂ ಮೇಲೆ ನೋಡಿದೆ. ನನಗೆ ಬೇಕಾಗಿದ್ದುದು ಅಷ್ಟೇ ಅನ್ನಿಸಿತು. ದನಿ ಸಿಕ್ಕಿದೆ, ಅದನ್ನು ಕೇಳಲು ಊರಿದೆ.

ಮೇಳವೆಲ್ಲ ಒಟ್ಟಿಗೆ ಏಳುವ ಜಾಗ ಬಂತು. ಪಾಸೆಕಾ ನಮ್ಮ ಕಡೆ ತಿರುಗಿ ಕೋಲೆತ್ತಿದಳು. ನಾನು ಹೊಟ್ಟೆಯಿಂದ, ಮೊಣಕಾಲಿಂದ, ಎಲ್ಲೆಲ್ಲಿಂದ ಬರುವುದಿತ್ತೋ ಅಲ್ಲಿಂದೆಲ್ಲ ತೆಗೆದು ಹಾಡಿದೆ. ಕಾಲ ಕೆಳಗಿನ ಹಲಗೆ ನಡುಗುತ್ತಿತ್ತು. ನನ್ನ ದನಿ ನನಗೆ ಚೆನ್ನಾಗಿ ಕೇಳಿಸುತ್ತಿತ್ತು, ಎದೆಯೊಳಗಿಂದ.

ಅವಳು ಸಾಲು ಸಾಲಾಗಿ ನೋಡುತ್ತ ಬಂದವಳು ನಮ್ಮ ಸಾಲಿನ ಹತ್ತಿರ ನಿಂತಳು. ಎಡ ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿದಳು. ಯಾರೋ ಅತಿಯಾಗಿ ಹಾಡುತ್ತಿದ್ದಾರೆ ಎಂದುಕೊಂಡು ನಾನು ಎಡಕ್ಕೂ ಬಲಕ್ಕೂ ನೋಡಿದೆ. ಕಿಟಿಯೋನಿ ಮೊಣಕೈಯಿಂದ ತಿವಿದು ನನ್ನ ಕಿವಿಗೆ ಬಾಯಿಟ್ಟ.

“ನಿಮಗೇ ಮೇಷ್ಟ್ರೇ!”

ಮೂವತ್ತೊಂದು ವರ್ಷ ಎಲ್ಲರಿಗೂ ಜೋರು ಜೋರು ಎಂದವನು ನಾನು. ತಗ್ಗಿಸು ಎಂದು ನನಗೆ ಹೇಳಿದವರು ಯಾರೂ ಇರಲಿಲ್ಲ. ತಗ್ಗಿಸಿದೆ, ಸ್ವಲ್ಪ.

ಅವಳು ಇನ್ನೊಮ್ಮೆ ಅಂಗೈ ಕೆಳಗೆ ಮಾಡಿದಳು.